ಗಾಡಿಯ ಮೀಟರ್ ಡಿಸ್‌ಪ್ಲೇ ಹೊಸದು ಹಾಕಿದರೂ ಅಂಕಿ ಪೂರ್ತಿ ಬರ್ತಿಲ್ಲ, ಯಾರಾದ್ರೂ ಸಹಾಯ ಮಾಡಿ

ತುಕ್ಕುಸ್ಪ್ಯಾನರ್:
ಮೂರು ರಾತ್ರಿ ಇದರಲ್ಲೇ ಹೋಯಿತು, ಸಾಕಾಗಿದೆ. ಡಿಸ್‌ಪ್ಲೇ ಮೂಲೆಯಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪಾಗಿತ್ತು, ದಿನಾ ಸ್ವಲ್ಪ ಸ್ವಲ್ಪ ಹರಡುತ್ತಿತ್ತು. ಹೊಸದು ತರಿಸಿ ನಾನೇ ಹಾಕಿದೆ. ಈಗ ಕಲೆ ಇಲ್ಲ, ಆದರೆ ಕೊನೆಯ ಎರಡು ಅಂಕಿಯಲ್ಲಿ ಕೆಲವು ಗೆರೆಗಳು ಇಲ್ಲ. 8 ಬರಬೇಕಾದ ಕಡೆ 0 ಕಾಣುತ್ತದೆ. ಎಲ್ಲ ಸರಿಯಾಗೇ ಮಾಡಿದ್ದೇನೆ. ಏನು ಕಾರಣ?

ಕಪ್ಪುವೈರ್:
ಅರ್ತಿಂಗ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್ ಸರಿ ಹಿಡಿದಿಲ್ಲ. ಬೇರೇನೂ ಅಲ್ಲ. ಡ್ಯಾಶ್‌ಬೋರ್ಡ್ ಹಿಂದಿನ ಅರ್ತ್ ಬೋಲ್ಟ್ ಬಿಚ್ಚಿ, ಚೆನ್ನಾಗಿ ಉಜ್ಜಿ ಹಾಕಿ.

ಐದನೇಗೇರ್:
ಯಾವ ಡಿಸ್‌ಪ್ಲೇ ಸರ್? ಮೀಟರ್ ಒಳಗಿನದಾ, ಮಧ್ಯದ ಟಚ್‌ಸ್ಕ್ರೀನಾ?

ತುಕ್ಕುಸ್ಪ್ಯಾನರ್:
ಮೀಟರ್‌ದೇ ಸರ್, ಕಿಲೋಮೀಟರ್ ತೋರಿಸುವ ಚಿಕ್ಕದು. ಅರ್ತ್ ಉಜ್ಜಿದೆ. ಏನೂ ಬದಲಾಗಲಿಲ್ಲ.

ಕಪ್ಪುವೈರ್:
ಒಂದು ಕಡೆ ಉಜ್ಜಿದರೆ ಆಗಲ್ಲ. ಬ್ಯಾಟರಿಯಿಂದ ಗಾಡಿ ಬಾಡಿಯ ಲೋಹಕ್ಕೆ ಬರುವ ಅರ್ತ್ ವೈರನ್ನೂ ನೋಡಿ. ನನ್ನ ಗಾಡಿಯಲ್ಲಿ ಅಲ್ಲೇ ಸಿಕ್ಕಿತ್ತು.

ಐದನೇಗೇರ್:
ಅರ್ತ್ ಹೋಗಿದ್ದರೆ ಮುಳ್ಳೂ ಕುಣಿಯಬೇಕು, ದೀಪವೂ ಮಂಕಾಗಬೇಕು. ಇಲ್ಲಿ ಬರೀ ಗೆರೆ ಹೋಗಿದೆ. ಸುಮ್ನೆ ಅವರ ಹತ್ತಿರ ಬೋಲ್ಟ್ ಬಿಚ್ಚಿಸಬೇಡಿ.

ಬೆಂಚ್‌ವಾಲ:
ಇಷ್ಟೆಲ್ಲ ಯಾಕೆ, ಹಳೇ ಗಾಡಿಯ ಮೀಟರ್ ಪೂರ್ತಿ ತಂದು ಹಾಕಿ. ನಾನು ಗಾಡಿಯಲ್ಲಿ ಕೂತು ಟೆಸ್ಟ್ ಮಾಡುವುದನ್ನೇ ಬಿಟ್ಟಿದ್ದೇನೆ. ಮೇಜಿನ ಮೇಲೆ 12 ವೋಲ್ಟ್ ಸಪ್ಲೈ ಇದೆ, ಕರೆಂಟ್ ಲಿಮಿಟ್ ಇಟ್ಟುಕೊಳ್ಳಬಹುದು, ಪಕ್ಕದಲ್ಲೇ ಮೈಕ್ರೋಸ್ಕೋಪ್. ಮೊನ್ನೆಯಷ್ಟೇ ಚಿಪ್ ಬಿಚ್ಚುವ ಹಾಟ್ ಏರ್ ಮಷಿನ್ ಕೂಡ ಬಂತು.

ಐದನೇಗೇರ್:
ಮೀಟರ್ ಬದಲಿಸಿದರೆ ಆ ಗಾಡಿ ಓಡಿದ ಕಿಲೋಮೀಟರ್ ಬರುತ್ತದೆ, ಲೆಕ್ಕ ಅದರ ಮೆಮೊರಿ ಚಿಪ್‌ನಲ್ಲೇ ಇರುತ್ತದಲ್ವಾ? ಕೆಲವು ಗಾಡಿಗಳಲ್ಲಿ ಕಳ್ಳತನ ತಡೆಯುವ ಇಮೊಬಿಲೈಸರ್ ಕೂಡ ಅದರಲ್ಲೇ ಇರುತ್ತದೆ, ಗಾಡಿ ಸ್ಟಾರ್ಟೇ ಆಗಲ್ಲ.

ಬೆಂಚ್‌ವಾಲ:
ಚಿಪ್ ಬಿಚ್ಚಿ ಹಾಕುವುದು ಏನು ಮಹಾ?

ಐದನೇಗೇರ್:
ನಿಮಗೆ ಸುಲಭ. ಕೇಳಿದವರಿಗೆ ಅಲ್ಲ. ತುಕ್ಕು ಸರ್, ಡಿಸ್‌ಪ್ಲೇಯಿಂದ ಬರುವ ಚಪ್ಪಟೆ ರಿಬ್ಬನ್ ವೈರ್ ಸರ್ಕ್ಯೂಟ್ ಬೋರ್ಡ್ ಸೇರುವ ಕಡೆ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ. ಕನೆಕ್ಟರ್ ಲಾಕ್ ಸರಿಯಾಗಿ ಕೂತಿದೆಯಾ?

ತುಕ್ಕುಸ್ಪ್ಯಾನರ್:
ಒತ್ತಿದರೆ 8 ಪೂರ್ತಿ ಬರುತ್ತದೆ!! ಬೆರಳು ತೆಗೆದರೆ ಮಧ್ಯದ ಗೆರೆ ಮೆಲ್ಲಗೆ ಮಾಸಿ ಹೋಗುತ್ತದೆ. ಕನೆಕ್ಟರ್ ಇಲ್ಲ ಸರ್. ರಿಬ್ಬನ್ ಬೋರ್ಡಿಗೇ ಅಂಟಿತ್ತು. ಹಳೆಯದನ್ನು ಕಿತ್ತು, ಹೊಸದನ್ನು ಸೋಲ್ಡರಿಂಗ್ ಐರನ್ ತುದಿಯಿಂದ ಉಜ್ಜಿ ಅಂಟಿಸಿದೆ.

ಐದನೇಗೇರ್:
ಇದನ್ನು ಮೊದಲೇ ಹೇಳಬೇಕಿತ್ತು! ಅದು ಸೋಲ್ಡರ್ ಅಲ್ಲ, ಬಿಸಿ ಮಾಡಿ ಒತ್ತಿದರೆ ಹಿಡಿಯುವ ಅಂಟು. ಬಿಸಿ, ಒತ್ತಡ ಎರಡೂ ಉದ್ದಕ್ಕೂ ಒಂದೇ ಸಮ ಬೀಳಬೇಕು. ಬರೀ ತುದಿಯಲ್ಲಿ ಉಜ್ಜಿದರೆ ಒಂದು ಕಡೆ ಸುಡುತ್ತದೆ, ಇನ್ನೊಂದು ಕಡೆ ಹಿಡಿಯಲ್ಲ. ಐರನ್‌ಗೆ ಹಾಕುವ ಟಿ ಆಕಾರದ ಅಗಲ ಬಿಟ್ ಸಿಗುತ್ತದೆ, ಮಧ್ಯೆ ಸಿಲಿಕೋನ್ ಪಟ್ಟಿ ಇಟ್ಟು ನೇರ ಒತ್ತಿ ಹಿಡಿಯಿರಿ. ಎಳೆಯಬೇಡಿ. ಮುಳ್ಳು ಕೀಳುವ ಮೊದಲು ಅದು ನಿಂತಿದ್ದ ಜಾಗ ಗುರುತು ಮಾಡಿದ್ದಿರಾ?

ಕಪ್ಪುವೈರ್:
ಅರ್ತ್ ಇನ್ನೊಮ್ಮೆ ನೋಡಿದರೆ ನಷ್ಟ ಏನಿಲ್ಲ.

ತುಕ್ಕುಸ್ಪ್ಯಾನರ್:
ಮುಳ್ಳಿನ ಫೋಟೋ ಇದೆ. ಟಿ ಬಿಟ್ ತಂದು ಮತ್ತೆ ಒತ್ತಿದೆ. ಒಂದು ಅಂಕಿ ಪೂರ್ತಿ ಸರಿಯಾಯಿತು, ತುಂಬಾ ಥ್ಯಾಂಕ್ಸ್ ಸರ್. ಕೊನೆಯದರಲ್ಲಿ ಮಾತ್ರ ಒಂದು ಗೆರೆ ಇನ್ನೂ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಬೋರ್ಡಿನ ಆ ಪಟ್ಟಿಯ ಮೇಲೆ ಹಳೇ ಅಂಟು ಹಳದಿಯಾಗಿ ಹಾಗೇ ಕೂತಿದೆ. ನಾಳೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಇನ್ನೊಮ್ಮೆ ಒತ್ತುತ್ತೇನೆ.