ಅಪ್‌ಡೇಟ್: ಪಿಕಪ್‌ನ ಮುಂಚಕ್ರದ ಅಲುಗಾಟ ನಿಂತಿದೆ

ನನ್ನ ಹಳೆಯ ಪಿಕಪ್‌ನ ಎಡ ಮುಂಚಕ್ರ ಅಲುಗಾಡುವುದಕ್ಕೆ ಕಾರಣ ಬೇರಿಂಗೋ (ಚಕ್ರ ಸಲೀಸಾಗಿ ತಿರುಗಲು ಆಧಾರವಾದ ಭಾಗ) ಬಾಲ್ ಜಾಯಿಂಟೋ (ಚಕ್ರದ ಜೋಡಣೆಯನ್ನು ಸಸ್ಪೆನ್ಷನ್ನಿಗೆ ಸೇರಿಸುವ ಗುಂಡು ಕೀಲು) ಎಂದು ಕೇಳಿದ್ದೆ. ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಿರುವಾಗ ತಮ್ಮನಿಂದ ಬ್ರೇಕ್ ತುಳಿಸಿದೆ. ಬ್ರೇಕ್ ಹಿಡಿದಾಗ ಬೇರಿಂಗಿನ ಸಡಿಲ ಅಡಗುತ್ತದೆ, ಬಾಲ್ ಜಾಯಿಂಟಿನದು ಉಳಿಯುತ್ತದೆ; ತುಳಿದೊಡನೆ ಅಲುಗಾಟ ಮಾಯವಾದುದರಿಂದ ದೋಷ ಬೇರಿಂಗಿನದೇ ಎಂದು ತಿಳಿಯಿತು. ಬೇರಿಂಗನ್ನು ಹಿಡಿದಿಡುವ ನಟ್ಟು ತಿರುಗದಂತೆ ತಡೆಯುವ ಸ್ಪ್ಲಿಟ್ ಪಿನ್ ಕಿತ್ತಾಗ ಆ ನಟ್ಟು ಬೆರಳಿಗೇ ಕಾಲು ಸುತ್ತು ತಿರುಗಿತು. ಬೇರಿಂಗ್ ಬಿಚ್ಚಿ ಗ್ರೀಸ್ ಒರೆಸಿ ಬಿಸಿಲಿಗೆ ಹಿಡಿದು ನೋಡಿದೆ: ಅದರೊಳಗಿನ ಟೇಪರ್ (ಒಂದು ತುದಿಗೆ ಸಪೂರವಾದ) ರೋಲರುಗಳಲ್ಲಿ ಗುಳಿಯಾಗಲಿ, ಸುಟ್ಟ ನೀಲಿ ಕಲೆಯಾಗಲಿ ಇರಲಿಲ್ಲ, ಆದ್ದರಿಂದ ಅವನ್ನೇ ಹೊಸ ಗ್ರೀಸ್ ತುಂಬಿ ಉಳಿಸಿಕೊಂಡೆ.

ಚಕ್ರ ತಿರುಗಿಸುತ್ತಲೇ ನಟ್ಟನ್ನು ಸ್ಪ್ಯಾನರಿನಿಂದ ಬಿಗಿದು, ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನಿಂದಷ್ಟೇ ಬಿಗಿಗೊಳಿಸಿದೆ. ಪಿನ್ನಿನ ರಂಧ್ರ ಹೊಂದದಿದ್ದಾಗ ಬಿಗಿಯುವ ಬದಲು ತುಸು ಸಡಿಲಿಸಿ ಹೊಸ ಪಿನ್ ಹಾಕಿದೆ, ಏಕೆಂದರೆ ಅತಿಬಿಗಿತ ಬೇರಿಂಗನ್ನು ಸುಡುತ್ತದೆ. ನಲವತ್ತು ಕಿಲೋಮೀಟರ್ ಓಡಿಸಿದ ಬಳಿಕ ಎರಡೂ ಮುಂಚಕ್ರಗಳ ಹಬ್‌ಗಳು (ನಡುಭಾಗಗಳು) ಒಂದೇ ಸಮ ಬೆಚ್ಚಗಿದ್ದವು.