ಅಪ್‌ಡೇಟ್: ಓಮ್ನಿಯಲ್ಲಿ ಮೂರು ವಾರ

ಹಳೆಯ ಮಾರುತಿ ಓಮ್ನಿಯಲ್ಲಿ ಕೆಲವು ದಿನ ಬದುಕಿ ನೋಡಬೇಕು, ಕಪಾಟು, ಸಿಂಕು, ಸೋಲಾರ್ ಎಲ್ಲ ಮಾಡಿಸಲೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ‘ಮೊದಲು ಹಾಗೆಯೇ ಮಲಗಿ ನೋಡಿ’ ಎಂದವರೇ ಗೆದ್ದರು. ತುಮಕೂರಿನ ಬಡಗಿಯೊಬ್ಬರು ಹೇಳಿದ ದರಕ್ಕೆ ಅರ್ಧ ಆಸೆ ಇಳಿದಿತ್ತು ಎನ್ನುವುದೂ ನಿಜ.

ಈಗ ಮಡಚಿದ ಸೀಟಿನ ಮೇಲೊಂದು ಪ್ಲೈವುಡ್ ಹಲಗೆ, ಹತ್ತಿಯ ಹಾಸಿಗೆ, 20 ಲೀಟರ್ ನೀರಿನ ಕ್ಯಾನ್, ಬಕೆಟ್, ಚಿಕ್ಕ ಗ್ಯಾಸ್ ಒಲೆ. ಅಷ್ಟೇ. ಹಲಗೆಗೆ ಒಂದು ಬೋಲ್ಟನ್ನೂ ಹಾಕಿಲ್ಲ. ನೋಂದಣಿಯ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಹಲಗೆಯಾದರೆ ಎತ್ತಿ ಅಟ್ಟಕ್ಕೆ ಹಾಕಬಹುದು.

ಯಾರೂ ಎಚ್ಚರಿಸದಿದ್ದದ್ದು ಗಾಜು ಬೆವರುವ ವಿಷಯ. ದೇವರಾಯನದುರ್ಗದ ಬಳಿ ಪರಿಚಿತರ ತೋಟದಲ್ಲಿ ಮೊದಲ ರಾತ್ರಿ, ಚಳಿಗೆ ಹೆದರಿ ಎಲ್ಲ ಗಾಜುಗಳನ್ನು ಮುಚ್ಚಿ ಮಲಗಿದೆ. ಬೆಳಿಗ್ಗೆ ನನ್ನ ಉಸಿರೇ ನೀರಾಗಿ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತಿತ್ತು! ಈಗ ಎರಡೂ ಬದಿಯಲ್ಲಿ ಎರಡು ಬೆರಳಿನಷ್ಟು ತೆರೆದು, ಸೊಳ್ಳೆಪರದೆಯ ತುಂಡನ್ನು ಅಯಸ್ಕಾಂತದಿಂದ ನಿಲ್ಲಿಸುತ್ತೇನೆ. ಒಲೆಯನ್ನು ಒಳಗೆ ಹಚ್ಚುವುದೇ ಇಲ್ಲ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಮಳೆ ಬಂದ ದಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೇ ಗತಿ. ಅದರ ಬಗ್ಗೆ ದೂರಿಲ್ಲ.

ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ಗಾಡಿ ನಿಲ್ಲಿಸಿದ ಮೇಲೂ ಬಹಳ ಹೊತ್ತು ಒಳಗೆ ಕಾವು. ಸಂಜೆ ಬೇಗ ನಿಲ್ಲಿಸುವುದನ್ನು ಬಿಟ್ಟು ಬೇರೆ ಉಪಾಯ ಸಿಕ್ಕಿಲ್ಲ.

ಸೋಲಾರ್ ಕೈಬಿಟ್ಟೆ. ಗಾಡಿ ಓಡಿಸುವಾಗಲೇ ಮೊಬೈಲ್ ಚಾರ್ಜ್ ಆಗುತ್ತದೆ, ದೀಪಕ್ಕೆ ಟಾರ್ಚಿದೆ. ಮುಂದಿನ ವಾರ ಕೋಲಾರದ ಕಡೆ ಹೊರಟಿದ್ದೇನೆ. ಅಡುಗೆಯ ಎರಡನೇ ಪಾತ್ರೆಯನ್ನು ಈ ಸಲ ಮನೆಯಲ್ಲೇ ಬಿಡುತ್ತೇನೆ.