ನೆರೆ ಇಳಿದ ಮೇಲೆ ಕೆಲಸ ಮಾಡುವ ಟ್ರಸ್ಟ್ ಶುರು ಮಾಡ್ಬೇಕು, ನಮಗೆ ಇನ್ನೂ 17 ವರ್ಷ. ಹೇಗೆ?

ಉಡುಪಿಯ ಪಿಯು ಹುಡುಗಿ:
ನಾವು ಆರು ಜನ ಗೆಳತಿಯರು, ಯಾರಿಗೂ 18 ತುಂಬಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸ್ವರ್ಣಾ ನದಿ ಉಕ್ಕಿ ಬಂದಾಗ ನನ್ನ ಅಜ್ಜಿ ಮನೆಯೊಳಗೆ ಸೊಂಟದವರೆಗೆ ನೀರು ನಿಂತಿತ್ತು. ಅವತ್ತು ಸಹಾಯಕ್ಕೆ ತುಂಬಾ ಜನ ಬಂದರು, ಊಟ ಕೊಟ್ಟರು, ಹೊದಿಕೆ ಕೊಟ್ಟರು, ಅದನ್ನು ಮರೆಯೋದಿಲ್ಲ. ಆದರೆ ಹದಿನೈದು ದಿನ ಕಳೆದ ಮೇಲೆ ಅಜ್ಜಿ ಒಬ್ಬರೇ ಕೂತು ಗೋಡೆಯ ಕೆಸರನ್ನು ತೆಂಗಿನ ಗೆರಟೆಯಲ್ಲಿ ಕೆರೆಯುತ್ತಿದ್ದರು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಆಮೇಲೆ ವಯನಾಡಿನ ಸುದ್ದಿ ನೋಡಿದಾಗ ನನಗೆ ಆ ಗೆರಟೆಯೇ ನೆನಪಾಯಿತು. ಸಹಾಯಕ್ಕೆ ಬಂದ ಜನ ವಾಪಸ್ ಹೋದ ಮೇಲಿನ ಕೆಲಸ ನಾವು ಮಾಡ್ಬೇಕು ಅಂತ ಆಸೆ. ರಿಜಿಸ್ಟರ್ ಮಾಡೋದು ಹೇಗೆ? ದುಬೈಯಲ್ಲಿರುವ ಮಾವ ಹಣ ಕಳಿಸ್ತೇನೆ ಅಂದಿದ್ದಾರೆ, ತಗೊಳ್ಬಹುದಾ?

ಮಂಗಳೂರಿನ ಲೆಕ್ಕದವರು:
ತಂಗಿ, ಮೊದಲು ಕಾನೂನಿನ ಮಾತು ಹೇಳ್ತೇನೆ. ನಮ್ಮ ರಾಜ್ಯದ 1960ರ ಸಂಘಗಳ ಕಾಯ್ದೆಯಲ್ಲಿ ಸಂಘ ಮಾಡಲು ಕನಿಷ್ಠ 7 ಜನ ಬೇಕು, 18 ತುಂಬಿರಬೇಕು. ಟ್ರಸ್ಟ್ ಆದರೂ ಟ್ರಸ್ಟಿಗಳಾಗಿ ದೊಡ್ಡವರೇ ಸಹಿ ಹಾಕ್ಬೇಕು. ಹಾಗಾಗಿ ಈಗಲೇ ಅದರ ಹಿಂದೆ ಓಡಬೇಡಿ. ನಿಮ್ಮ ಊರಿನಲ್ಲಿ ನೋಂದಣಿ ಆದ ಯುವಕ ಮಂಡಲವೋ ಮಹಿಳಾ ಮಂಡಲವೋ ಇದ್ದೇ ಇರ್ತದೆ ಅಲ್ವಾ, ಅದರ ಒಂದು ತಂಡವಾಗಿ ಸೇರಿ, ಹಣ ಅವರ ಖಾತೆಗೇ ಹೋಗಲಿ. ಯಾರದ್ದೋ ಸ್ವಂತ ಫೋನಿನ ಕ್ಯೂಆರ್ ಕೋಡ್ ಹಂಚಿ ಹಣ ಎತ್ತಬೇಡಿ, ನಿಮ್ಮ ಮನಸ್ಸು ಎಷ್ಟು ಶುದ್ಧವಾಗಿದ್ದರೂ ನಾಳೆ ಒಂದು ಮಾತು ಬಂದೇ ಬರ್ತದೆ. ಹತ್ತು ರೂಪಾಯಿಗೂ ಬಿಲ್ ಇಟ್ಟುಕೊಳ್ಳಿ. ಮಾವನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಂತ ಲೆಕ್ಕಕ್ಕೆ ಬರೋದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರ ಹಣವಾದರೆ ಕೇಂದ್ರದ ಅನುಮತಿ ಬೇಕು, ಅದನ್ನು ಮುಟ್ಟಬೇಡಿ.

ಬೆಳ್ತಂಗಡಿ ಕಡೆಯವ:
2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆ ಹೊಳೆ ನುಗ್ಗಿದಾಗ ನಾನು ಪರಿಹಾರ ಕೇಂದ್ರದಲ್ಲಿ ಇದ್ದೆ. ಹಳೆ ಬಟ್ಟೆ ಕಟ್ಟು ಕಟ್ಟು ಬಂತು. ಅದನ್ನು ವಿಂಗಡಿಸೋದಕ್ಕೇ ನಾಲ್ಕು ಜನ ಎರಡು ದಿನ ಕೂತೆವು. ಆದರೆ ಕೆಸರು ಎತ್ತಲು ಹಾರೆ ಇಲ್ಲ, ಹಿಡಿಸೂಡಿ ಇಲ್ಲ, ಬಕೆಟ್ ಇಲ್ಲ. ದಯವಿಟ್ಟು ಸುಮ್ನೆ ಬಟ್ಟೆ ಸಂಗ್ರಹಕ್ಕೆ ಇಳಿಯಬೇಡಿ. ಮೊದಲು ಮನೆಯವರನ್ನೇ ಕೇಳಿ. ಇನ್ನೊಂದು ಕೆಲಸ ನಿಮ್ಮ ವಯಸ್ಸಿನವರೇ ಚೆನ್ನಾಗಿ ಮಾಡ್ತೀರಿ: ಕಾಗದಪತ್ರ. ಒದ್ದೆಯಾದ ಆಧಾರ್, ರೇಷನ್ ಕಾರ್ಡ್, ಪಹಣಿ ಮತ್ತೆ ತೆಗೆಸಲು ವಯಸ್ಸಾದವರು ಒದ್ದಾಡ್ತಾರೆ. ಕೆಸರು ತೊಳೆಯುವ ಮೊದಲೇ ಗೋಡೆಯಲ್ಲಿ ನೀರಿನ ಗುರುತು ಕಾಣುವ ಹಾಗೆ ಫೋಟೋ ತೆಗೆದುಕೊಡಿ, ಪರಿಹಾರದ ಅರ್ಜಿಗೆ ಅದು ಬೇಕಾಗ್ತದೆ.

ಬ್ರಹ್ಮಾವರದ ನರ್ಸ್ ಅಕ್ಕ:
ನಮ್ಮಲ್ಲಿ ಮನೆಗೊಂದು ಬಾವಿ ಉಂಟು, ನೆರೆಯಲ್ಲಿ ಮೊದಲು ಕೆಡೋದೇ ಅದು. ನಿಮಗೆ ಒಂದೇ ಕೆಲಸ ಆರಿಸಲು ಹೇಳಿದರೆ ನಾನು ಬಾವಿ ಅನ್ನುತ್ತೇನೆ. ಕೆಸರು ನೀರನ್ನು ಪಂಪ್ ಇಟ್ಟು ಖಾಲಿ ಮಾಡ್ಬೇಕು, ಹೊಸ ಒರತೆ ಬಂದ ಮೇಲೆ ಬ್ಲೀಚಿಂಗ್ ಪೌಡರ್ ಹಾಕ್ಬೇಕು. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಸಾಕು. ಬಕೆಟ್‌ನಲ್ಲಿ ಕಲಸಿ, ಪೌಡರಿನಲ್ಲಿರುವ ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಸೇರಿಸಿ, ಒಂದು ಗಂಟೆ ಮುಟ್ಟಬೇಡಿ. ನೀರು ಇನ್ನೂ ಕಲಕಾಗಿದ್ದರೆ ಪೌಡರ್ ಜಾಸ್ತಿ ಬೇಕಾಗ್ತದೆ, ಆರೋಗ್ಯ ಕೇಂದ್ರದವರನ್ನು ಜೊತೆಗೆ ಕರೆದುಕೊಂಡೇ ಮಾಡಿ. ಬಾವಿಗೆ ನೀವು ಇಳಿಯಬಾರದು, ಕುಸಿದ ಗುಡ್ಡದ ಹತ್ತಿರವೂ ಹೋಗಬಾರದು. ಮತ್ತೆ ಬರಿಗಾಲಲ್ಲಿ ಕೆಸರಿಗೆ ಕಾಲಿಡಬೇಡಿ ಮಕ್ಕಳೇ, ನಮ್ಮ ಜಿಲ್ಲೆಯಲ್ಲಿ ಮಳೆಗಾಲದಲ್ಲಿ ಇಲಿಜ್ವರ ಉಂಟು, ಇಲಿಯ ಮೂತ್ರ ಸೇರಿದ ಕೆಸರು ನೀರಿನಿಂದ ಬರ್ತದೆ. ಗಮ್ ಬೂಟು, ಗ್ಲೌಸ್ ಇಲ್ಲದೆ ಬೇಡ. ಆಮೇಲೆ ಜ್ವರ, ಮೈಕೈ ನೋವು ಬಂದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಉಡುಪಿಯ ಪಿಯು ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆ ಆರೂ ಜನ ಕೂತು ಓದಿದೆವು. ಟ್ರಸ್ಟ್ ಸದ್ಯಕ್ಕೆ ಬೇಡ. ಅಮ್ಮನ ಮಹಿಳಾ ಮಂಡಲದವರು ಒಪ್ಪಿದ್ದಾರೆ. ಈ ಮಳೆಗೆ ಮೊದಲು ಅಜ್ಜಿ ಮನೆ ಸುತ್ತಿನ ಬಾವಿಗಳ ಅಗಲ, ಆಳ ಅಳೆದು ಒಂದು ಪುಸ್ತಕದಲ್ಲಿ ಬರೆದಿಡ್ತೇವೆ. ಕೆಮ್ಮಣ್ಣು, ಕಲ್ಯಾಣಪುರ ಕಡೆ ಕೆಸರು ನೀರು ಎಳೆಯುವ ಡೀಸೆಲ್ ಪಂಪ್ ಯಾರ ಹತ್ತಿರವಾದರೂ ಉಂಟಾ?

ಕಲ್ಯಾಣಪುರದ ತೋಟದವರು:
ನನ್ನ ಹತ್ತಿರ ಒಂದು ಉಂಟು ಮಗಾ. ನೀರಿಗಿಳಿಯುವ ಪೈಪಿನ ತುದಿಯ ಫುಟ್‌ವಾಲ್ವ್ ಹೋಗಿದೆ, ಮೇ ಒಳಗೆ ಸರಿ ಮಾಡಿಸಿ ಇಡ್ತೇನೆ. ನಡೆಸಲು ನಾನೇ ಬರ್ತೇನೆ.